ಮೆಷಿನ್ ಗನ್ನಿನ ಮೈಮೇಲಿನ ವಿಳಾಸ

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮೆಷಿನ್ ಗನ್ನುಗಳು ಕೈಗೆ ಸಿಕ್ಕಾಗ ಬ್ರಿಟಿಷ್ ಸೈನಿಕರಿಗೆ ಅವುಗಳ ಮೈಮೇಲೆ ಕಂಡದ್ದು 'ಸ್ಪಾಂಡೌ' ಎಂಬ ಪದ. ಬಂದೂಕಿನ ಹೆಸರೇ ಅದಿರಬೇಕೆಂದುಕೊಂಡರು. ಕಂದಕದಲ್ಲಿ ಗುಂಡು ಸುರಿಸುವ ಗನ್ನೂ ಸ್ಪಾಂಡೌ, ವಿಮಾನದ ಮೂತಿಯ ಮೇಲೆ ಕೂರಿಸಿದ ಗನ್ನೂ ಸ್ಪಾಂಡೌ. ಇಪ್ಪತ್ತೈದು ವರ್ಷಗಳ ಬಳಿಕ ಎರಡನೆಯ ಮಹಾಯುದ್ಧದಲ್ಲಿ ಎಂ.ಜಿ. 42 ಎಂಬ ಬೇರೆಯೇ ವಿನ್ಯಾಸದ ಗನ್ ಎದುರಾದಾಗಲೂ ಬಾಯಿಗೆ ಬಂದದ್ದು ಅದೇ ಹೆಸರು. ನಿಜವಾಗಿ ಸ್ಪಾಂಡೌ ಎಂಬುದು ಬರ್ಲಿನ್ನಿನ ಮಗ್ಗುಲಿನ ಒಂದು ಊರು. 1920ರಲ್ಲಿ ಬರ್ಲಿನ್ ನಗರದೊಳಗೇ ಸೇರಿಹೋಯಿತು. ಅಲ್ಲಿ ಸರ್ಕಾರದ ಬಂದೂಕು ಕಾರ್ಖಾನೆ ಇತ್ತು. ಸೈನಿಕರು ಓದಿದ್ದು ಕಾರ್ಖಾನೆಯ ಠಸ್ಸೆಯನ್ನು!

ನಮ್ಮ ಮನೆಗಳ ಹಿತ್ತಾಳೆ ಪಾತ್ರೆಗಳನ್ನು ನೆನಪಿಸಿಕೊಳ್ಳಿ. ಕೊಳದಪ್ಪಲೆಯ ತಳದಲ್ಲಿ ತಯಾರಕನ ಗುರುತು, ಪಕ್ಕದಲ್ಲಿ ತೂಕದ ಅಂಕಿ, ಕಂಠದ ಹತ್ತಿರ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಜ್ಜಿಯ ಹೆಸರು, ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ತಾರೀಖು. ಪಾತ್ರೆ ಯಾರದೆಂದು ಹೇಳುವುದು ತಳದ ಗುರುತಲ್ಲ, ಕಂಠದ ಬರಹ. ಹಳೆಯ ಜರ್ಮನ್ ಮೆಷಿನ್ ಗನ್ನುಗಳಲ್ಲೂ ಲೆಕ್ಕ ಹೀಗೆಯೇ. ಮಾಡಿದವರ ಹೆಸರು ಒಂದು, ಕ್ರಮಸಂಖ್ಯೆ ಒಂದು, ಪರೀಕ್ಷಿಸಿದ ಅಧಿಕಾರಿಯ ಕಿರೀಟದ ಮುದ್ರೆ ಒಂದು. ಇವೆಲ್ಲದರ ನಡುವೆ, ಇದ್ದರೆ, ಆ ಗನ್ ಯಾವ ಪಡೆಯ ಲೆಕ್ಕದಲ್ಲಿತ್ತೆಂದು ಹೇಳುವ ಪುಟ್ಟ ಸಾಲು. ಮ್ಯೂಸಿಯಂಗಳವರೂ ಸಂಗ್ರಾಹಕರೂ ಭೂತಗನ್ನಡಿ ಹಿಡಿದು ಹುಡುಕುವುದು ಈ ಕೊನೆಯ ಸಾಲನ್ನೇ. ಅದು ಸಿಕ್ಕರೆ ಕಬ್ಬಿಣದ ತುಂಡಿಗೆ ಒಂದು ವಿಳಾಸ ಸಿಕ್ಕಂತೆ.

ಗನ್ನಿನ ಪರಿಚಯ ಸ್ವಲ್ಪ ಬೇಕು. ಹಿರಾಮ್ ಮ್ಯಾಕ್ಸಿಮ್ 1884ರಲ್ಲಿ ರೂಪಿಸಿದ ಯಂತ್ರವನ್ನೇ ತಿದ್ದಿ ಜರ್ಮನ್ನರು 1908ರಲ್ಲಿ ಸೇನೆಗೆ ಸೇರಿಸಿಕೊಂಡರು. ಅದೇ ಎಂ.ಜಿ. 08. ನಳಿಗೆಯ ಸುತ್ತ ಸುಮಾರು 4 ಲೀಟರ್ ನೀರು ಹಿಡಿಯುವ ಕವಚ, 250 ಗುಂಡುಗಳ ಬಟ್ಟೆಯ ಪಟ್ಟಿ, ಕೆಳಗೆ ಎಳೆದೊಯ್ಯಬಹುದಾದ ಭಾರದ ಕಬ್ಬಿಣದ ಪೀಠ. ಇಷ್ಟು ಭಾರ ಹೊತ್ತು ಮುನ್ನುಗ್ಗುವುದು ಆಗದ ಮಾತೆಂದು ಯುದ್ಧದ ನಡುವೆ ಪೀಠ ತೆಗೆದು, ಹಿಡಿ ಮತ್ತು ಹಿಂಬದಿಯ ಮರದ ದಿಮ್ಮಿ ಜೋಡಿಸಿ 'ಹಗುರ' ಮಾಡಿದರು. ಅದು ಎಂ.ಜಿ. 08/15. ಹಗುರ ಎಂದರೂ 18 ಕಿಲೋ! ಸುಮಾರು 1,30,000 ತಯಾರಾದವು. ಎಲ್ಲೆಂದರಲ್ಲಿ ಕಾಣುತ್ತಿದ್ದ ಕಾರಣವೋ ಏನೋ, ಜರ್ಮನ್ ಮಾತಿನಲ್ಲಿ 'ಸೊನ್ನೆ-ಎಂಟು-ಹದಿನೈದು' ಎಂದರೆ ಇಂದಿಗೂ 'ಏನೂ ವಿಶೇಷವಿಲ್ಲದ್ದು' ಎಂದು ಅರ್ಥ.

08/15 ತಯಾರಿಸಿದ್ದು ಏಳು ಕಾರ್ಖಾನೆಗಳು. ಸ್ಪಾಂಡೌ ಮತ್ತು ಎರ್‌ಫುರ್ಟ್‌ನ ಸರ್ಕಾರಿ ಕಾರ್ಖಾನೆಗಳ ಜೊತೆ ಡಿ.ಡಬ್ಲ್ಯು.ಎಂ., ಸೀಮೆನ್ಸ್-ಹಾಲ್‌ಸ್ಕೆ, ಎಂ.ಎ.ಎನ್., ರೈನ್‌ಮೆಟಾಲ್, ಜೆ.ಪಿ. ಸಾವರ್. ಟೆಲಿಗ್ರಾಫ್ ಯಂತ್ರ ಮಾಡುತ್ತಿದ್ದವರೂ ಮುದ್ರಣಯಂತ್ರ ಮಾಡುತ್ತಿದ್ದವರೂ ಗನ್ ಮಾಡಲು ಕುಳಿತರು. ಕ್ರಮಸಂಖ್ಯೆಯ ಜರ್ಮನ್ ಪದ್ಧತಿಯೂ ಸ್ವಲ್ಪ ವಿಚಿತ್ರ. ನಾಲ್ಕಂಕಿಯ ಸರಣಿ ಮುಗಿದ ಕೂಡಲೆ ಮತ್ತೆ ಒಂದರಿಂದ ಎಣಿಕೆ. ಗುರುತಿಗೆ ಪಕ್ಕದಲ್ಲೊಂದು ಸಣ್ಣಕ್ಷರ. ಆದ್ದರಿಂದ ಕೇವಲ ಸಂಖ್ಯೆ ಬರೆದುಕೊಂಡರೆ ಪ್ರಯೋಜನವಿಲ್ಲ. ಕಾರ್ಖಾನೆ, ವರ್ಷ, ಸಂಖ್ಯೆ, ಅಕ್ಷರ ಈ ನಾಲ್ಕೂ ಸೇರಿದರೆ ಮಾತ್ರ ಒಂದು ಗನ್. ಬಿಡಿಭಾಗಗಳ ಮೇಲೂ ಅದೇ ಸಂಖ್ಯೆಯ ಕೊನೆಯ ಅಂಕಿಗಳಿರುತ್ತವೆ. ಅವು ಹೊಂದದಿದ್ದರೆ, ಗನ್ ಎಲ್ಲೋ ರಿಪೇರಿಗೆ ಹೋಗಿ ಬೇರೊಂದರ ಅಂಗಾಂಗ ಪಡೆದು ಬಂದಿದೆ ಎಂದು ತಿಳಿಯಬೇಕು. ಪೀಠಕ್ಕೆ ಅದರದೇ ಬೇರೆ ಸಂಖ್ಯೆ.

ಸಾಲನ್ನು ಓದುವ ಬಗೆ

ಈಗ ಪಡೆಯ ಗುರುತಿಗೆ ಬರೋಣ. ಆಯುಧಗಳ ಮೇಲೆ ಹೇಗೆ ಠಸ್ಸೆ ಹೊಡೆಯಬೇಕೆಂದು ಜರ್ಮನ್ ಸೇನೆಯಲ್ಲಿ ಒಂದು ನಿಯಮಪುಸ್ತಕವೇ ಇತ್ತು. 1877ರದೊಂದು, ಅದನ್ನು ಪರಿಷ್ಕರಿಸಿದ 1909ರದೊಂದು. ಬಂದೂಕಿನಲ್ಲಿ ಎಲ್ಲಿ, ಪಿಸ್ತೂಲಿನಲ್ಲಿ ಎಲ್ಲಿ, ಬಯೊನೆಟ್ಟಿನಲ್ಲಿ ಎಲ್ಲಿ ಎಂದು ಜಾಗ ಗೊತ್ತುಪಡಿಸಿತ್ತು. ಅಕ್ಷರಗಳ ಸಂಕೇತವೂ ಖಚಿತ. ಕಾಲಾಳು ರೆಜಿಮೆಂಟಿಗೆ 'ಆರ್', ಯೇಗರ್ ಎಂಬ ಬೇಟೆಗಾರ ಪಡೆಗೆ 'ಜೆ', ಪಯನೀರ್ ಪಡೆಗೆ 'ಪಿ', ಅಶ್ವದಳಗಳಲ್ಲಿ ಡ್ರಗೂನರಿಗೆ 'ಡಿ', ಹುಸಾರರಿಗೆ 'ಎಚ್', ಉಲಾನರಿಗೆ 'ಯು', ಮೆಷಿನ್ ಗನ್ ತುಕಡಿಗೆ 'ಎಂ.ಜಿ.'. ಮೀಸಲು ರೆಜಿಮೆಂಟಾದರೆ 'ಆರ್' ಎರಡು ಸಲ. ಒಂದೇ ಅಕ್ಷರವನ್ನು ನೆಟ್ಟಗೆ ಬರೆದರೆ ಒಂದರ್ಥ, ಕೂಡುಬರಹದಂತೆ ಬಾಗಿಸಿ ಬರೆದರೆ ಇನ್ನೊಂದು. ಇದನ್ನು ಗಮನಿಸದೆ ಎಡವಿದವರು ಬಹಳ. ಇನ್ನೊಂದು ತೊಡಕು: ಆ ಕಾಲದ ಜರ್ಮನ್ ಠಸ್ಸೆಯಲ್ಲಿ 'ಐ' ಮತ್ತು 'ಜೆ' ಒಂದೇ ಆಕಾರದವು.

ಒಂದು ಮಾದರಿ ತೆಗೆದುಕೊಳ್ಳೋಣ. '121. ಆರ್. ಎಂ.ಜಿ. 3.' ಎಂದಿದ್ದರೆ 121ನೇ ಕಾಲಾಳು ರೆಜಿಮೆಂಟ್, ಅದರ ಮೆಷಿನ್ ಗನ್ ತುಕಡಿ, ಮೂರನೇ ಆಯುಧ. 121 ಎಂಬ ಅಂಕಿ ಕಂಡೊಡನೆ ಬಲ್ಲವರ ಮುಖದಲ್ಲಿ ನಗು ಮೂಡುತ್ತದೆ. ಏಕೆಂದರೆ ಅದು ಸ್ಟುಟ್‌ಗಾರ್ಟ್ ಪಕ್ಕದ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಬೀಡುಬಿಟ್ಟಿದ್ದ, 'ಹಳೆಯ ವ್ಯೂರ್ಟೆಂಬರ್ಗ್' ಎಂದೇ ಹೆಸರಾದ ರೆಜಿಮೆಂಟು. ಆಗಿನ ಜರ್ಮನಿ ಒಂದು ಸಾಮ್ರಾಜ್ಯವಾದರೂ ಒಳಗೆ ಹಲವು ರಾಜ್ಯ, ಹಲವು ರಾಜರು. ರೆಜಿಮೆಂಟುಗಳಿಗೆ ಮಾತ್ರ 1ರಿಂದ 182ರವರೆಗೆ ಒಂದೇ ಸಾಲಿನ ಸಂಖ್ಯೆ. ಆ ಸಾಲಿನಲ್ಲಿ 100ರಿಂದ 108 ಸ್ಯಾಕ್ಸನಿಯವು, 109ರಿಂದ 114 ಬಾಡೆನ್, 115ರಿಂದ 118 ಹೆಸ್ಸೆ, 119ರಿಂದ 127 ವ್ಯೂರ್ಟೆಂಬರ್ಗ್. ಮುಂದೆ ಅಲ್ಲೊಂದು ಇಲ್ಲೊಂದು ಚದುರಿದ ಅಂಕಿಗಳೂ ಇವರ ಪಾಲಿನವು. ಉಳಿದವುಗಳಲ್ಲಿ ಬಹುಪಾಲು ಪ್ರಷ್ಯದವು. ಬವೇರಿಯದವರು ಈ ಸಾಲಿಗೆ ಸೇರಲೇ ಇಲ್ಲ. ಅವರದು ಬೇರೆ ಎಣಿಕೆ, ಅದಕ್ಕೇ ಮುಂದೆ 'ಬಿ' ಎಂಬ ಅಕ್ಷರ. 'ಬಿ' ಇದ್ದರೆ 6ನೇ ರೆಜಿಮೆಂಟು ಬವೇರಿಯದ್ದು. ಇಲ್ಲದಿದ್ದರೆ ಅದೇ 6 ಪ್ರಷ್ಯದ್ದು. ತುಕ್ಕಿನಡಿ ಒಂದಕ್ಷರ ಮುಚ್ಚಿಹೋದರೆ ಗನ್ ಕೆಲವು ನೂರು ಮೈಲಿ ಆಚೆಯ ಊರಿನ ಪಾಲಾಗುತ್ತದೆ.

ಆದರೆ ಅಂಕಿ ನೋಡಿ ಊರು ಹೇಳುವುದರಲ್ಲೂ ಎಚ್ಚರ ಬೇಕು. 126ನೇ ರೆಜಿಮೆಂಟು ವ್ಯೂರ್ಟೆಂಬರ್ಗಿನದೇ, ಆದರೆ ಯುದ್ಧಕ್ಕೆ ಮೊದಲು ಅದರ ಬೀಡಿದ್ದದ್ದು ಸ್ಟ್ರಾಸ್‌ಬುರ್ಗ್‌ನಲ್ಲಿ. ಜನ ಒಂದೂರಿನವರು, ಕಸರತ್ತು ಮಾಡಿದ್ದು ಇನ್ನೊಂದೂರಿನ ಮೈದಾನದಲ್ಲಿ.

ಸಾಲಿನ ಕೊನೆಯ ಅಂಕಿಯೂ ಮಾತನಾಡುತ್ತದೆ. 1914ರಲ್ಲಿ ಯುದ್ಧಕ್ಕೆ ಹೊರಟಾಗ ಒಂದು ಕಾಲಾಳು ರೆಜಿಮೆಂಟಿಗೆ ಒಂದು ಮೆಷಿನ್ ಗನ್ ತುಕಡಿ, ಅದರಲ್ಲಿ 6 ಗನ್ನುಗಳು. ಹಾಗಿರುವಾಗ 1914ಕ್ಕೆ ಮುಂಚಿನ ಗನ್ನೊಂದರ ಮೇಲೆ 'ಎಂ.ಜಿ. 47' ಎಂದು ಕಂಡರೆ ಹುಬ್ಬೇರಿಸಬೇಕಾಗುತ್ತದೆ. ಪಿಸ್ತೂಲಿನ ಮೇಲಾದರೆ ಸರಿ, ತುಕಡಿಯಲ್ಲಿ ಅಷ್ಟು ಪಿಸ್ತೂಲುಗಳಿದ್ದಾವು. ಗನ್ನಿನ ಮೇಲೆ ಹೇಗೆ ಬಂತು? ನಂತರ ಪ್ರತಿ ಬೆಟಾಲಿಯನ್ನಿಗೂ ಒಂದೊಂದು ಮೆಷಿನ್ ಗನ್ ತುಕಡಿ ಬಂತು, ಗನ್ನುಗಳ ಸಂಖ್ಯೆಯೂ ಏರಿತು. ಅಷ್ಟರಲ್ಲಿ ಠಸ್ಸೆ ಹೊಡೆಯುವ ಪುರುಸೊತ್ತು ಯಾರಿಗಿತ್ತು?

ಈ ವಿಷಯದಲ್ಲಿ ಹೊಸಬರಿಗೆ ಆಗುವ ದೊಡ್ಡ ನಿರಾಸೆ ಇದೇ. ಪಡೆಯ ಗುರುತು ಶಾಂತಿಕಾಲದ ಗುಮಾಸ್ತಗಿರಿ. ಸ್ಟೋರಿನ ಲೆಡ್ಜರು, ವರ್ಷಕ್ಕೊಮ್ಮೆ ತಪಾಸಣೆ, ಕೊಟ್ಟದ್ದು ಬಂದದ್ದರ ಲೆಕ್ಕ ಇವಕ್ಕಾಗಿ ಹುಟ್ಟಿದ್ದು. ದಿನಕ್ಕೆ ನೂರಾರು ಗನ್ನುಗಳು ಮುಂಚೂಣಿಗೆ ಹೋಗಿ ಕೆಸರಲ್ಲಿ ಹೂತುಹೋಗುವ ಕಾಲಕ್ಕೆ ಹೊಂದುವ ಪದ್ಧತಿಯಲ್ಲ. ಯುದ್ಧದ ಕೊನೆಯ ವರ್ಷಗಳಲ್ಲಿ ತಯಾರಾದ ಗನ್ನುಗಳಲ್ಲಿ ಕಾರ್ಖಾನೆಯ ಹೆಸರಿರುತ್ತದೆ, 1917 ಅಥವಾ 1918 ಎಂದಿರುತ್ತದೆ, ಪಡೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಮ್ಯೂಸಿಯಂಗಳಲ್ಲಿ ಕಾಣುವ 08/15ಗಳಲ್ಲಿ ಹೆಚ್ಚಿನವು ಹೀಗೆ ಅನಾಥವೇ. ಈ ಖಾಲಿ ಜಾಗವೂ ಒಂದು ದಾಖಲೆಯೆಂದು ನನಗನ್ನಿಸುತ್ತದೆ. ಲೆಕ್ಕ ಬರೆಯುವವನ ಕೈ ಸೋತ ದಾಖಲೆ.

ಗುರುತು ಏಕೆ ಬೇಕು

ಅಷ್ಟಕ್ಕೂ ಯಾವುದೋ ದೇಶದ, ಯಾವುದೋ ತುಕಡಿಯ ಸಂಖ್ಯೆ ತಿಳಿದು ಆಗಬೇಕಾದ್ದೇನು ಎಂದು ಕೇಳಬಹುದು. 1915ರ ಮಾರ್ಚ್ 10ರ ನೆವ್ ಶಾಪೆಲ್ ಕದನ ನೆನೆಯಿರಿ. ಫ್ರಾನ್ಸಿನ ಆ ಹಳ್ಳಿಯ ಮುಂದೆ ಬ್ರಿಟಿಷರ ಜೊತೆ ಭಾರತೀಯ ಸೇನೆಯ ಗಢವಾಲಿಗಳೂ ಗೂರ್ಖಾಗಳೂ ಮುನ್ನುಗ್ಗಿದರು. ಅಂದು ಎಡಭಾಗದಲ್ಲಿ ಬ್ರಿಟಿಷರ ಎರಡು ಬೆಟಾಲಿಯನ್ನುಗಳನ್ನು, ಮಿಡ್ಲ್‌ಸೆಕ್ಸ್ ಮತ್ತು ಸ್ಕಾಟಿಷ್ ರೈಫಲ್ಸ್‌ನವರನ್ನು, ಮುಳ್ಳುತಂತಿಯ ಮುಂದೆಯೇ ನೆಲಕ್ಕೊರಗಿಸಿದ್ದು ಮುಖ್ಯವಾಗಿ 11ನೇ ಯೇಗರ್ ಬೆಟಾಲಿಯನ್ನಿನ ಎರಡು ಮೆಷಿನ್ ಗನ್ನುಗಳು. ಬರೇ ಎರಡು! ಈ ಬೆಟಾಲಿಯನ್ ಮಾರ್‌ಬುರ್ಗ್ ಎಂಬ ವಿಶ್ವವಿದ್ಯಾಲಯದ ಊರಿನದು. ಇಂಥ ಸಂದರ್ಭದಲ್ಲಿ 'ಜೆ' ಮತ್ತು '11' ಎಂಬೆರಡು ಗುರುತುಗಳು ಬರೀ ಅಂಕಿ ಅಕ್ಷರಗಳಲ್ಲ. ಒಂದು ಬೆಳಗ್ಗೆ ಯಾರು ಎಲ್ಲಿ ಕುಳಿತಿದ್ದರು, ಯಾರು ಯಾರನ್ನು ಕೊಂದರು ಎಂಬುದರ ಕೊಂಡಿಗಳು. ನೆವ್ ಶಾಪೆಲ್‌ನಲ್ಲಿ 1927ರಲ್ಲಿ ತೆರೆದ ಭಾರತೀಯ ಸ್ಮಾರಕದಲ್ಲಿ, ಫ್ರಾನ್ಸ್ ಮತ್ತು ಬೆಲ್ಜಿಯಂ ರಣಭೂಮಿಯಲ್ಲಿ ಸತ್ತು ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ.

ಹಾಗೆಂದು ಠಸ್ಸೆಯನ್ನು ಪೂರಾ ನಂಬುವಂತೆಯೂ ಇಲ್ಲ. ಅದು ಹೇಳುವುದು ಗನ್ ಯಾರ ಲೆಕ್ಕದಲ್ಲಿತ್ತು ಎಂದು, ಯಾರು ಹಾರಿಸಿದರು ಎಂದಲ್ಲ. ಇದಕ್ಕೆ ನಮಗೆ ಹತ್ತಿರದ ಉದಾಹರಣೆ ಪೂರ್ವ ಆಫ್ರಿಕದ ಟಾಂಗಾ. 1914ರ ನವೆಂಬರಿನಲ್ಲಿ ಆ ಜರ್ಮನ್ ಬಂದರನ್ನು ಹಿಡಿಯಲು ಭಾರತದಿಂದ ಹಡಗುಗಳಲ್ಲಿ ಹೋದ ಸೇನೆಯಲ್ಲಿ 27ನೇ ಬೆಂಗಳೂರು ಬ್ರಿಗೇಡೂ ಇತ್ತು. ದಾಳಿ ಸೋತಿತು. ಹಡಗು ಹತ್ತಿ ವಾಪಸಾಗುವ ಗಡಿಬಿಡಿಯಲ್ಲಿ ಬಿಟ್ಟುಬಂದ 16 ಮೆಷಿನ್ ಗನ್ನುಗಳು ಜರ್ಮನ್ ಸೇನಾನಿ ಲೆಟ್ಟೋ-ಫೋರ್ಬೆಕ್ ಪಾಲಾದವು. ಆತ ನಾಲ್ಕು ವರ್ಷ ಕಾಡುಮೇಡು ಅಲೆಸಿ, 1918ರ ನವೆಂಬರ್ 25ರಂದು, ಯೂರೋಪಿನಲ್ಲಿ ಯುದ್ಧ ನಿಂತು ಎರಡು ವಾರವಾದ ಮೇಲೆ ಶರಣಾದ. ಒಪ್ಪಿಸಿದ ಮೆಷಿನ್ ಗನ್ನುಗಳು 37. ಅವುಗಳಲ್ಲಿ ಜರ್ಮನ್ ಗನ್ನುಗಳು ಏಳೇ. ಉಳಿದ 30 ಬ್ರಿಟಿಷರವೇ! ಆ ಮೂವತ್ತರ ಠಸ್ಸೆ ಮಾತ್ರ ಓದಿದವನು ಯುದ್ಧವನ್ನು ತಲೆಕೆಳಗು ಮಾಡಿ ಬರೆದಾನು.

ಮೈಸೂರು ಲ್ಯಾನ್ಸರ್ಸ್ ಕಥೆಯನ್ನೂ ಇಲ್ಲಿ ಸೇರಿಸಬೇಕು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಾಗ ಅವರಿಗೆ ಸಿಕ್ಕ ಸೊತ್ತಿನಲ್ಲಿ 17 ಫಿರಂಗಿಗಳು, 11 ಮೆಷಿನ್ ಗನ್ನುಗಳು. ಎದುರಿಗಿದ್ದದ್ದು ಟರ್ಕಿಯ ಓಟೊಮನ್ ಸೇನೆ, ಜೊತೆಗೆ ಜರ್ಮನ್ನರು. ಓಟೊಮನ್ನರೂ ಬರ್ಲಿನ್ನಿನಿಂದ ಮ್ಯಾಕ್ಸಿಮ್ ಗನ್ನು ಕೊಂಡವರೇ. ಹಾಗಾಗಿ ಪ್ಯಾಲೆಸ್ಟೈನಿನಲ್ಲಿ ಸಿಕ್ಕ 'ಜರ್ಮನ್' ಗನ್ನೊಂದರ ಮೇಲೆ ಅರಬ್ಬೀ ಲಿಪಿಯ ಅಂಕಿಗಳಿದ್ದರೆ ಅದು ಸುಲ್ತಾನನ ಆಸ್ತಿ. ಬರ್ಲಿನ್ ಎಂದಿರುವುದು ಹುಟ್ಟಿದ ಊರು ಮಾತ್ರ. ಚೀನದಲ್ಲೂ ಇಂಥದೇ ಮ್ಯಾಕ್ಸಿಮ್ ಒಂದಿದೆ. ಅಲ್ಲಿಯವರು ಜರ್ಮನ್ ಮಾದರಿ ನೋಡಿ ತಾವೇ ತಯಾರಿಸಿದ್ದು; ಹೆಸರು '24ನೇ ಮಾದರಿ'. ಆ 24 ಯಾವ ಪಡೆಯ ಸಂಖ್ಯೆಯೂ ಅಲ್ಲ. ಚೀನೀ ಗಣರಾಜ್ಯದ 24ನೇ ವರ್ಷ, ಅಂದರೆ 1935.

ಗನ್ ಒಂದು ಪಡೆಯಿಂದ ಇನ್ನೊಂದಕ್ಕೆ ಹೋದರೆ ಹಳೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಹೊಡೆಯುತ್ತಿದ್ದರು. ಎರಡು ಮೂರು ಅಡ್ಡಗೆರೆಗಳಿರುವ ಆಯುಧ ಸಿಕ್ಕರೆ ಹಬ್ಬ. ಪಹಣಿಯಲ್ಲಿ ಖಾತೆ ಬದಲಾದ ಹಾಗೆ ಇಡೀ ವಂಶಾವಳಿ ಅಲ್ಲೇ.

ಸೋತ ಮೇಲಿನ ಠಸ್ಸೆಗಳು

1918ರ ನವೆಂಬರ್ 11ರ ಕದನವಿರಾಮದ ಷರತ್ತಿನಂತೆ ಜರ್ಮನಿ 25,000 ಮೆಷಿನ್ ಗನ್ನುಗಳನ್ನು ಒಪ್ಪಿಸಬೇಕಾಯಿತು. ವರ್ಸೇಲ್ಸ್ ಒಪ್ಪಂದ ಇನ್ನೂ ಬಿಗಿ. ಒಂದು ಲಕ್ಷದ ಸೇನೆಗೆ ಭಾರದ ಮೆಷಿನ್ ಗನ್ನು 792, ಹಗುರದ್ದು 1,134, ಅಷ್ಟೇ. ಸೋತ ದೇಶದ ತುಂಬ ಮನೆಗೊಂದು ಬಂದೂಕು ಅಡಗಿದ್ದ ಕಾಲ ಅದು. ಹೊಸ ಸರ್ಕಾರ ತನ್ನ ಬಳಿ ಉಳಿಸಿಕೊಂಡ ಆಯುಧಗಳ ಮೇಲೆ '1920' ಎಂದು ಠಸ್ಸೆ ಹೊಡೆಸಿತು, ಇದು ಸರ್ಕಾರದ್ದು ಎಂಬ ಗುರುತಿಗೆ. ಆದ್ದರಿಂದ ಒಂದೇ ಗನ್ನಿನ ಮೇಲೆ '1918' ಮತ್ತು '1920' ಎರಡೂ ಕಂಡರೆ ಗಾಬರಿ ಬೇಡ. ಮೊದಲನೆಯದು ಹುಟ್ಟಿದ ವರ್ಷ, ಎರಡನೆಯದು ಉಳಿಸಿಕೊಂಡ ಗುರುತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಆಟವೇ ಬದಲಾಯಿತು. ಕಾರ್ಖಾನೆಯ ಹೆಸರೂ ಗುಟ್ಟು; ಹೆಸರಿನ ಬದಲು ಎರಡು ಮೂರು ಸಣ್ಣಕ್ಷರಗಳ ಸಂಕೇತ. ಎಂ.ಜಿ. 34 ಅಥವಾ 42ರ ಮೇಲೆ 'ಡಿ-ಒ-ಟಿ' ಎಂದಿದ್ದರೆ ಅದು ಚೆಕ್ ನಾಡಿನ ಬ್ರನೊ ಕಾರ್ಖಾನೆ. ಪಡೆಯ ಗುರುತು ಹುಡುಕುವುದು ಬಹುತೇಕ ವ್ಯರ್ಥ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯಶವಂತ ಘಾಡ್ಗೆ 1944ರಲ್ಲಿ, ನಾಮದೇವ ಜಾಧವ್ 1945ರಲ್ಲಿ ಇಟಲಿಯ ರಣರಂಗದಲ್ಲಿ ಒಂಟಿಯಾಗಿ ನುಗ್ಗಿ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಶತ್ರುವಿನ ಮೆಷಿನ್ ಗನ್ ಠಾಣೆಗಳ ಮೇಲೆಯೇ.

ಗೆದ್ದವರೂ ಬರೆದರು. ಆಸ್ಟ್ರೇಲಿಯದವರು ಯುದ್ಧ ನಡೆಯುತ್ತಿದ್ದಾಗಲೇ, 1917ರಲ್ಲಿ, ದಾಖಲೆ ಮತ್ತು ವಿಜಯದ ಕುರುಹುಗಳನ್ನು ಕೂಡಿಡಲು ಒಂದು ವಿಭಾಗ ತೆರೆದು ಜಾನ್ ಟ್ರೆಲೋರ್ ಎಂಬ ಅಧಿಕಾರಿಯ ಕೈಗಿತ್ತರು. ಯಾವ ಬೆಟಾಲಿಯನ್ ಹಿಡಿಯಿತೋ ಆ ಹೆಸರಿಗೆ ಕೀರ್ತಿ. ಆದ್ದರಿಂದ ನೀರಿನ ಕವಚದ ಮೇಲೆ ಬಣ್ಣದಲ್ಲಿ 'ಇಂಥವರು ಹಿಡಿದದ್ದು' ಎಂದು ಬರೆಯುವ ರೂಢಿ. ಕೆನಡಕ್ಕೆ ಸುಮಾರು 3,500 ಮೆಷಿನ್ ಗನ್ನುಗಳು ಹೋದವು. ಊರೂರಿನ ಪಾರ್ಕು, ಶಾಲೆ, ಪುರಭವನಗಳ ಮುಂದೆ ನಿಂತವು. ಎರಡನೆಯ ಯುದ್ಧ ಬಂದಾಗ ಹಳೆ ಕಬ್ಬಿಣ ಬೇಕೆಂದು ಎಷ್ಟನ್ನೋ ಕರಗಿಸಿದರು. ಮೊದಲ ಯುದ್ಧದ ಗೆಲುವಿನ ಕುರುಹು ಎರಡನೆಯ ಯುದ್ಧದ ಕಚ್ಚಾವಸ್ತು!

ಉಳಿದದ್ದಕ್ಕೆ ಶತ್ರು ತುಕ್ಕಲ್ಲ, ಉತ್ಸಾಹ. ವರ್ಷಕ್ಕೊಮ್ಮೆ ಉಜ್ಜುಕಾಗದ ಹಿಡಿದು ತಿಕ್ಕಿ, ಮೇಲೆ ಕಪ್ಪು ಪೇಂಟು ಬಳಿದು ಹೊಳೆಯಿಸುವ ಶ್ರದ್ಧಾವಂತರಿಂದ ಅಳಿಸಿದಷ್ಟು ಗುರುತುಗಳು ಮಳೆಯಿಂದ ಅಳಿಸಿರಲಾರವು. ಇನ್ನೊಂದು ಶತ್ರು, ನಕಲಿ. ಪಡೆಯ ಗುರುತಿದ್ದರೆ ಬೆಲೆ ಏರುತ್ತದೆ. ಹೆಸರಾಂತ ಪಡೆಯಾದರೆ ಕೇಳುವುದೇ ಬೇಡ. 16ನೇ ಬವೇರಿಯನ್ ಮೀಸಲು ರೆಜಿಮೆಂಟಿನಲ್ಲಿ ಅಡಾಲ್ಫ್ ಹಿಟ್ಲರ್ ಎಂಬ ಸಂದೇಶವಾಹಕನಿದ್ದ. 'ಬಿ', '16', ಎರಡು 'ಆರ್' ಹೊಡೆಯಲು ನಕಲಿಗಾರನಿಗೆ ಬೇಕಾದ್ದು ಒಂದು ಸುತ್ತಿಗೆ, ನಾಲ್ಕಾರು ಉಕ್ಕಿನ ಅಚ್ಚು.

ಆದರೆ ಉಕ್ಕು ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಅಸಲಿ ಠಸ್ಸೆಯನ್ನು ಒಂದೊಂದೇ ಅಚ್ಚು ಹಿಡಿದು ಕೈಯಿಂದ ಹೊಡೆದದ್ದು. ಅಕ್ಷರಗಳು ಸ್ವಲ್ಪ ಏರಿಳಿಯುತ್ತವೆ, ಅಂಚಿನಲ್ಲಿ ಲೋಹ ಉಬ್ಬಿರುತ್ತದೆ, ಗುಳಿಯೊಳಗೂ ಹೊರಗೂ ಕಾಲದ ಕಪ್ಪು ಒಂದೇ. ಕೆತ್ತುವ ಯಂತ್ರದ ಗೆರೆ ಸಮನಾಗಿ, ಚೂಪಾಗಿ ಇಳಿದಿರುತ್ತದೆ. ತುಕ್ಕಿನ ಗುಳಿಯನ್ನು ಕತ್ತರಿಸಿಕೊಂಡು ಗೆರೆ ಸಾಗಿದ್ದರೆ ಅದು ತುಕ್ಕಿನ ನಂತರದ್ದೆಂದು ಮಗುವೂ ಹೇಳೀತು. ತಿಕ್ಕಿ ಅಳಿಸಿದ್ದನ್ನೂ ಕೆಲವೊಮ್ಮೆ ಎಬ್ಬಿಸಬಹುದು. ಅಚ್ಚಿನ ಪೆಟ್ಟು ಬಿದ್ದ ಕಡೆ ಒಳಗಿನ ಲೋಹ ಒತ್ತಿಹೋಗಿರುತ್ತದೆ. ಆಮ್ಲ ಸವರಿದರೆ ಆ ಭಾಗ ಬೇರೆ ರೀತಿ ಕರಗಿ, ಮಾಯವಾಗಿದ್ದ ಅಂಕಿ ಮಸುಕಾಗಿ ಮೇಲೇಳುತ್ತದೆ. ಅಪರಾಧ ಪತ್ತೆಯ ಪ್ರಯೋಗಾಲಯಗಳು ಕಳವಿನ ಬಂದೂಕುಗಳ ಮೇಲೆ ಮಾಡುವ ಪ್ರಯೋಗವೂ ಇದೇ. ನೂರು ವರ್ಷದ ವಸ್ತುವಿನ ಮೇಲೆ ಆಮ್ಲ ಸುರಿಯುವುದಕ್ಕೆ ಮ್ಯೂಸಿಯಂನವರು ಒಪ್ಪುವುದು ಅಪರೂಪ, ಅದು ಬೇರೆ ಮಾತು. ಅವರ ಮೊದಲ ಉಪಾಯ ಓರೆಯಾಗಿ ಬಿಟ್ಟ ದೀಪ. ಕತ್ತಲೆ ಕೋಣೆಯಲ್ಲಿ ಮಗ್ಗುಲಿನಿಂದ ಬೆಳಕು ಹಾಯಿಸಿ, ದೀಪವನ್ನು ಸುತ್ತ ಸರಿಸುತ್ತ ಹೋದರೆ ಬೆರಳಿಗೆ ಸಿಗದ ಗುಳಿಯೂ ನೆರಳು ಚೆಲ್ಲುತ್ತದೆ.

ಬಣ್ಣ ತೆಗೆಯಬೇಕಾಗಿ ಬಂದರೆ ಒಂದು ಬೆರಳಗಲದಿಂದ ಶುರುಮಾಡುತ್ತಾರೆ, ಪದರ ಪದರವಾಗಿ. ಮೇಲೆ ಪಾರ್ಕಿನವರು ಬಳಿದ ಕಪ್ಪು. ಅದರಡಿ ಇನ್ನೊಂದು ಕಪ್ಪು. ಅದೃಷ್ಟವಿದ್ದರೆ ಅದರಡಿಯಲ್ಲಿ ಹಿಡಿದ ಬೆಟಾಲಿಯನ್ನಿನ ಕುಂಚದ ಅಕ್ಷರ. ಇನ್ನೂ ಕೆಳಗೆ, 1918ರಲ್ಲಿ ಜರ್ಮನ್ನರು ಮರೆಗಾಗಿ ಬಳಿದ ಹಸಿರು, ಕಂದು, ಕಾವಿಯ ತೇಪೆಗಳು. ಅದಕ್ಕೂ ಕೆಳಗೆ ಬರಿಯ ಉಕ್ಕು, ಅದರ ಮೇಲೆ ಸ್ವಲ್ಪ ಓರೆಯಾಗಿ ಕೂತ ಒಂದು ಅಂಕಿ, ಚುಕ್ಕೆ, ಅಕ್ಷರ.